ಹನ್ನೆರಡು ಮೈನುಗಳ ದೋಣಿ

ಕಾಗಿಣಾ ತೀರದ ಮಳಖೇಡದವರಿಗೆ ಸಮುದ್ರದ ಯುದ್ಧವೆಂಬುದು ದೂರದ ಮಾತೆನಿಸುವುದು ಸಹಜ. ಆದರೆ ಹತ್ತಿರದ ವಾಡಿ ಜಂಕ್ಷನ್ನನ್ನು ನೆನೆದುಕೊಳ್ಳಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ರೈಲು ಹತ್ತಿ ಮುಂಬಯಿಯಲ್ಲಿ ಹಡಗು ಹಿಡಿದರೆ ಲಂಡನ್ನಿನವರೆಗೂ ದಾರಿಯಿತ್ತು. ಈ ಸೀಮೆಯನ್ನು ಆಗ ಆಳುತ್ತಿದ್ದ ನಿಜಾಮರ ಕುದುರೆ ಪಡೆ ಈಜಿಪ್ಟಿಗೆ ಹೋದದ್ದೂ ಸಮುದ್ರ ದಾಟಿಯೇ. ಆ ದಾರಿಯ ಆಚೆಯ ತುದಿಯಲ್ಲಿ, ಇಂಗ್ಲೆಂಡಿನ ಡೋವರ್ ಬಳಿ, ಸಾವನ್ನು ಬಿತ್ತಿದ ಒಂದು ಜರ್ಮನ್ ಜಲಾಂತರ್ಗಾಮಿಯ ಕಥೆ ಇದು.

ಅದರ ಹೆಸರು ಯು.ಸಿ. ೬. ೧೯೧೫ರಲ್ಲಿ ಹ್ಯಾಂಬರ್ಗಿನಲ್ಲಿ ಕಟ್ಟಿದ್ದು. ಉದ್ದ ಸುಮಾರು ೩೪ ಮೀಟರು. ಒಳಗೆ ಹದಿನೈದರಷ್ಟು ಜನ. ಹಡಗುಗಳನ್ನು ಗುರಿಯಿಟ್ಟು ಹೊಡೆಯುವ ಟಾರ್ಪೆಡೊ ಅದರಲ್ಲಿರಲಿಲ್ಲ. ಆರು ಓರೆ ಕೊಳವೆಗಳಲ್ಲಿ ಹನ್ನೆರಡು ಮೈನುಗಳು, ಅಂದರೆ ಸಮುದ್ರದ ಸಿಡಿಗುಂಡುಗಳು, ಇದ್ದುವು. ಕೊಳವೆಯಿಂದ ಜಾರಿದ ಮೈನಿನ ಲಂಗರು ತಳದಲ್ಲಿ ಕೂಡುವುದು. ಗುಂಡು ಉಕ್ಕಿನ ಹಗ್ಗದ ತುದಿಯಲ್ಲಿ, ನೀರಿನ ಮೇಲ್ಮೈಗೆ ತುಸು ಕೆಳಗೆ, ಕಾದು ನಿಲ್ಲುವುದು. ಮೈನನ್ನು ಬಿಟ್ಟವರು ಬೆಲ್ಜಿಯಮ್ಮಿನ ತಮ್ಮ ನೆಲೆಗೆ ಮರಳಿದ ಮೇಲೆ ಬರುವ ಹಡಗು ಯಾರದೆಂದು ಅದು ಕೇಳದು.

೧೯೧೬ರ ಫೆಬ್ರವರಿ ೨೭, ಭಾನುವಾರ. ಪಿ. ಅಂಡ್ ಓ. ಕಂಪನಿಯ 'ಮಲೋಯಾ' ಎಂಬ, ಹನ್ನೆರಡು ಸಾವಿರ ಟನ್ನಿಗೆ ಮೀರಿದ ಹಡಗು ಮುಂಬಯಿಗೆ ಹೊರಟಿತ್ತು. ಡೋವರಿನ ಬಳಿ ಯು.ಸಿ. ೬ ಇಟ್ಟ ಮೈನು ಅದರ ಹಿಂಭಾಗವನ್ನು ಸೀಳಿತು. ಓಟ ತಗ್ಗಿಸಲೆಂದು ಕಪ್ತಾನನು ಎಂಜಿನುಗಳನ್ನು ಹಿಮ್ಮುಖವಾಗಿ ನಡೆಸಿದನು. ಎಂಜಿನ್ ಕೋಣೆಗೆ ನೀರು ನುಗ್ಗಿ, ಅವನ್ನು ಮತ್ತೆ ನಿಲ್ಲಿಸಲಾಗಲಿಲ್ಲ. ಹಡಗು ಹಿಂದಕ್ಕೆ ಚಲಿಸುತ್ತಲೇ ಇದ್ದುದರಿಂದ ದೋಣಿಗಳನ್ನು ಇಳಿಸುವುದೇ ಕಷ್ಟವಾಯಿತು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿಯಿತು. ನೂರೈವತ್ತರಷ್ಟು ಜನ ಸತ್ತರು. ಭಾರತೀಯ ಖಲಾಸಿಗಳು ಅವರಲ್ಲಿ ಅನೇಕರು. ನೆರವಿಗೆ ಧಾವಿಸಿದ 'ಎಂಪ್ರೆಸ್ ಆಫ್ ಫೋರ್ಟ್ ವಿಲಿಯಂ' ಎಂಬ ಕೆನಡಾದ ಹಡಗೂ ಇನ್ನೊಂದು ಮೈನಿಗೆ ತಾಗಿ ಮುಳುಗಿತು. ಕಾಪಾಡಬಂದವರಿಗೂ ವಿನಾಯಿತಿಯಿರಲಿಲ್ಲ.

ಹೀಗೆ ಆ ಸಣ್ಣ ದೋಣಿಯ ಮೈನುಗಳಿಗೆ ಐವತ್ತಕ್ಕೂ ಹೆಚ್ಚು ಹಡಗುಗಳು ಬಲಿಯಾದುವು. ಅದರ ಅಂದಿನ ಕಪ್ತಾನ ಗ್ರಾಫ್ ಫಾನ್ ಶ್ಮೆಟ್ಟೋ ೧೯೧೭ರ ಮೇ ತಿಂಗಳಲ್ಲಿ ಬೇರೊಂದು ಜಲಾಂತರ್ಗಾಮಿಯಲ್ಲಿ ಮಡಿದನು. ಅದೇ ಸೆಪ್ಟೆಂಬರಿನಲ್ಲಿ ಹೊರಟ ಯು.ಸಿ. ೬ ಮರಳಲಿಲ್ಲ, ಅದರಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ.

ಮೈನಿನ ಭಯ ಡೋವರಿಗಷ್ಟೇ ಸೀಮಿತವಾಗಿರಲಿಲ್ಲ. 'ವುಲ್ಫ್' ಎಂಬ ಜರ್ಮನ್ ಹಡಗು ೧೯೧೭ರ ಫೆಬ್ರವರಿಯಲ್ಲಿ ಮುಂಬಯಿಯ ಎದುರಿನ ಕಡಲಿನಲ್ಲೇ ಮೈನುಗಳನ್ನಿಟ್ಟು ಹೋಯಿತು. ನಾಲ್ಕು ತಿಂಗಳ ಮೇಲೆ, ಜೂನಿನಲ್ಲಿ, 'ಮಂಗೋಲಿಯಾ' ಎಂಬ ಹಡಗು ಅವುಗಳಲ್ಲೊಂದಕ್ಕೆ ತಾಗಿ ಮುಳುಗಿತು. ವಾಡಿಯ ರೈಲು ಹೋಗಿ ಮುಟ್ಟುವ ಬಂದರಿನ ಬಾಗಿಲಿಗೇ ಯುದ್ಧ ಬಂದಿತ್ತು.

ಯುದ್ಧದ ಚರಿತ್ರೆಗಳಲ್ಲಿ ಮುಳುಗಿದ ಹಡಗುಗಳ ಲೆಕ್ಕ ಟನ್ನುಗಳಲ್ಲಿದೆ. ಮುಂಬಯಿಯ ಹಾದಿ ಹಿಡಿದು ಡೋವರಿನಾಚೆ ಹೋಗಲಾರದ ಆ ಖಲಾಸಿಗಳನ್ನೂ ನಾವು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲವೆ?