ತಿದ್ದುವ ಕೈ ಯಾರದು?

ಕಾದಂಬರಿಯ ಕರಡು ತಿದ್ದೋದು ಬರೀ ವ್ಯಾಕರಣದ ಕೆಲಸ ಅಂತ ಪಂಡಿತರು ಹೇಳುತ್ತ ಬಂದಿದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಯಾರ ಮಾತು ಉಳಿಯಬೇಕು, ಯಾರ ಮಾತು ಹೋಗಬೇಕು ಅನ್ನೋ ರಾಜಕೀಯವೂ ಅದರಲ್ಲಿದೆ. ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿಯ ಚರಿತ್ರೆಯನ್ನೇ ನೋಡೋಣ.

1905ರಲ್ಲಿ ಪೇಶಾವರದಲ್ಲಿ ಹುಟ್ಟಿದ ಆನಂದ್ ಸವರ್ಣೀಯರು. ಲಂಡನ್ನಿನಲ್ಲಿ ಓದಿ, ಬ್ಲೂಮ್ಸ್‌ಬರಿಯ ದೊಡ್ಡ ಸಾಹಿತಿಗಳ ನಡುವೆ ಓಡಾಡಿಕೊಂಡಿದ್ದವರು. ಕಕ್ಕಸು ಬಳಿಯುವ ಬಖಾ ಎಂಬ ಹುಡುಗನ ಒಂದು ದಿನದ ಕಥೆ ಬರೆದರು. ಅವರೇ ಹೇಳಿಕೊಂಡಂತೆ, ಕರಡು ಹಿಡಿದು ಸಾಬರಮತಿಗೆ ಹೋದಾಗ ಗಾಂಧಿ ಮೆಚ್ಚಲಿಲ್ಲ. ಬಖಾ ಜಾಡಮಾಲಿಯ ಹಾಗೆ ಯೋಚಿಸದೆ ಲಂಡನ್ನಿನ ಬುದ್ಧಿಜೀವಿಯ ಹಾಗೆ ಯೋಚಿಸುತ್ತಿದ್ದ. ಆನಂದ್ ಆಶ್ರಮದಲ್ಲಿದ್ದು ಕಕ್ಕಸು ತೊಳೆದರು; ನೂರಕ್ಕೂ ಹೆಚ್ಚು ಪುಟ ಕಿತ್ತುಹಾಕಿದರು; ಮತ್ತೆ ಬರೆದರು. ಪುಸ್ತಕದ ಕೊನೆಯಲ್ಲಿ ನಮೂದಾಗಿರುವ ತಿಂಗಳು 1933ರ ಸೆಪ್ಟೆಂಬರ್.

ಹೋದದ್ದು ಏನು? ಲೇಖಕನ ಪಾಂಡಿತ್ಯ. ಉಳಿದದ್ದು ಏನು? ಬೀದಿಯ ಬೈಗುಳ, ಮೈಲಿಗೆಯ ಕೂಗು, ಕೆನ್ನೆಗೆ ಬಿದ್ದ ಏಟು. ಪಂಜಾಬಿನ ಬೈಗುಳಗಳನ್ನು ಆನಂದ್ ಹಾಗ್ಹಾಗೇ ಇಂಗ್ಲಿಷಿಗೆ ಇಳಿಸಿದರು. ಹತ್ತೊಂಬತ್ತು ಪ್ರಕಾಶಕರು ‘ಆಗಲ್ಲ’ ಅಂದರು. ಇ.ಎಂ. ಫಾರ್‌ಸ್ಟರ್ ಮುನ್ನುಡಿ ಬರೆಯಲು ಒಪ್ಪಿದ ಮೇಲಷ್ಟೇ ವಿಷಾರ್ಟ್ ಸಂಸ್ಥೆ 1935ರಲ್ಲಿ ಅಚ್ಚು ಹಾಕಿತು. ಜಾಡಮಾಲಿಯ ಕಥೆ ಓದುಗರ ಮನೆ ಹೊಕ್ಕೋಕೆ ಬಿಳಿಯ ಸಾಹಿತಿಯೊಬ್ಬನ ರುಜು ಬೇಕಾಯಿತು!

ಆದರೆ ಎಷ್ಟು ತಿದ್ದಿದರೂ ಹೋಗದ ಒಂದು ಕೊರತೆ ಇದೆ. ಬಖಾನ ತಂಗಿ ಸೋಹಿನಿ ಬಾವಿ ಹತ್ತಿರ ಕಾಯುತ್ತಾಳೆ, ಯಾರಾದರೂ ಮೇಲ್ಜಾತಿಯವರು ಬಂದು ನೀರು ಸೇದಿ ಹಾಕಲಿ ಅಂತ. ಈ ಕಾದಂಬರಿ ಅಚ್ಚಾಗುವ ಎಂಟು ವರ್ಷ ಮೊದಲೇ, 1927ರಲ್ಲಿ, ಅಂಬೇಡ್ಕರ್ ಜೊತೆ ಸಾವಿರಾರು ಜನ ಮಹಾಡ್‌ನ ಚವದಾರ್ ಕೆರೆಗೆ ಇಳಿದು ತಾವೇ ನೀರು ಕುಡಿದಿದ್ದರು. ಕಾದಂಬರಿಯ ಕೊನೆಯಲ್ಲಿ ಬಖಾನ ಎದುರು ಮೂರು ದಾರಿ: ಪಾದ್ರಿಯ ಏಸು, ಗಾಂಧಿಯ ಉಪದೇಶ, ನೀರು ಹಾಯಿಸಿ ತೊಳೆಯುವ ಹೊಸ ಕಕ್ಕಸು. ಅಂಬೇಡ್ಕರರ ದಾರಿ ಅಲ್ಲಿಲ್ಲ. ಆ ಹೊಸ ಕಕ್ಕಸು ಬಂತು. 1993ರಲ್ಲಿ, 2013ರಲ್ಲಿ ಕಾನೂನುಗಳೂ ಬಂದವು. ಮ್ಯಾನ್‌ಹೋಲಿನಲ್ಲಿ ಉಸಿರುಗಟ್ಟಿ ಸಾಯೋದು ಮಾತ್ರ ನಿಂತಿಲ್ಲ. ವಾಕ್ಯ ತಿದ್ದಿದ ಆನಂದರಿಗೆ ತಾವು ನಿಂತ ಜಾಗ ತಿದ್ದಿಕೊಳ್ಳಲು ಆಗಲಿಲ್ಲ. ಹಾಗಂತ ಅವರ ಶ್ರಮವನ್ನು ನಾವು ಹಗುರ ಮಾಡುವುದಿಲ್ಲ.

ಮುಂದೆ ಆ ಜಾಗದಿಂದಲೇ ಬಂದವರು ಬರೆದರು. ಮರಾಠಿಯಲ್ಲಿ 1978ರಲ್ಲಿ ದಯಾ ಪವಾರರ ‘ಬಲುತ’ ಬಂತು. ಕನ್ನಡದಲ್ಲಿ ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಲ್ಲೇ ‘ಕುಸುಮಬಾಲೆ’ ಬರೆದರು. ಓದೋಕೇ ಆಗಲ್ಲ ಅಂದರು ಕೆಲವರು. ಆ ಮಾತನ್ನು ತೊಳೆದು ಶಿಷ್ಟ ಮಾಡಿದ್ದರೆ ಕಾದಂಬರಿಯೇ ಉಳಿಯುತ್ತಿರಲಿಲ್ಲ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಬರೆಯುವ ಗೆಳೆಯರೆ, ಕರಡನ್ನು ತಿದ್ದಿ, ಹತ್ತು ಸಲ ತಿದ್ದಿ. ಕೇರಿಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ. ನಿಮ್ಮ ಜಾಣತನ ಎಲ್ಲಿ ಕೇಳಿಸುತ್ತದೋ ಅಲ್ಲಿ ಗೀಟು ಎಳೆಯಿರಿ. ಹಳ್ಳಿ ಶಾಲೆಯ ಮೇಷ್ಟ್ರೇ, ಹುಡುಗ ತನ್ನವ್ವನ ಮಾತನ್ನು ಪುಸ್ತಕದಲ್ಲಿ ಬರೆದರೆ ಕೆಂಪು ಶಾಯಿ ಎತ್ತುವ ಮುಂಚೆ ಒಂದು ಗಳಿಗೆ ಯೋಚನೆ ಮಾಡಿ.