ಬಲೆ ಕೊಳೆಯುತ್ತಿದ್ದ ಕಾಲ

ಅಡಿಕೆಗೆ ಕೊಳೆರೋಗ ಬಾರದಿರಲೆಂದು ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಕೊನೆ ಕೊಯ್ಯುವಾಗ ಬಿಚ್ಚಿ ಎಸೆದರೆ ತೋಟಕ್ಕೇ ಗೊಬ್ಬರ. ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಬಂತು. ಎಸೆಯುವ ರೂಢಿ ಮಾತ್ರ ಹಳೆಯದೇ ಉಳಿಯಿತು. ಘಟ್ಟದ ಕೆಳಗಿನ ಮೀನುಗಾರರ ಬಲೆಗೂ ಇದೇ ಕತೆ.

ನಮ್ಮ ಕರಾವಳಿಯ ಹೆಸರಾಂತ ಬಲೆ ರಂಪಣಿ. ದೋಣಿಯಲ್ಲಿ ಹೋಗಿ ಬಂಗಡೆ, ತಾರ್ಲೆ ಹಿಂಡನ್ನು ಸುತ್ತುವರಿದು, ಬಲೆಯ ಎರಡೂ ತುದಿ ದಡಕ್ಕೆ ತಂದು, ಹತ್ತಾರು ಜನ ಕೂಡಿ ಎಳೆಯುತ್ತಿದ್ದರು. ಆಗಿನ ಬಲೆಗಳು ಹತ್ತಿ, ಸೆಣಬಿನ ನೂಲಿನವು. ಉಪ್ಪುನೀರಿಗೆ ಬೇಗ ಹಾಳಾಗುತ್ತವೆಂದು ಮರದ ತೊಗಟೆ ಕುದಿಸಿದ ಒಗರು ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ನಮ್ಮ ಅಡಿಕೆ ಚೊಗರಿನ ಒಗರೂ ಅದೇ ಜಾತಿಯದು. ಎಷ್ಟು ಅದ್ದಿದರೂ ಕೊನೆಗೆ ಬಲೆ ಕೊಳೆಯುತ್ತಿತ್ತು. ಮೀನುಗಾರನಿಗೆ ಅದು ನಷ್ಟ, ಕಡಲಿಗೆ ಸುಖ.

ನೈಲಾನ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ. 1950–60ರ ದಶಕಗಳಲ್ಲಿ ನಮ್ಮ ದೇಶದ ಬಲೆಗಳಿಗೂ ಬಂತು. ಹಗುರ, ಗಟ್ಟಿ, ಅದ್ದಿ ಒಣಗಿಸುವ ಗೋಜಿಲ್ಲ. ಬೇಡ ಎನ್ನುವವರು ಯಾರು? 1970ರ ದಶಕದಲ್ಲಿ ಪರ್ಸಿನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಆಗಿನ ಜಗಳವೆಲ್ಲ ಮೀನು ಯಾರಿಗೆ ಎಂಬುದರದ್ದು. ಹರಿದ ಬಲೆ ಯಾರದ್ದೆಂದು ಯಾರು ಜಗಳವಾಡುತ್ತಾರೆ!

ಬಂಡೆಗೆ ಸಿಕ್ಕಿ ಕಳೆದುಹೋದ ನೈಲಾನ್ ಬಲೆ, ಯಜಮಾನನಿಲ್ಲದೆಯೂ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ. ಬೋಟಿನ ಫ್ಯಾನಿಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ. ಹಡಗಿರಲಿ, ಮೀನಿನ ಬೋಟಿರಲಿ, ಬಲೆ-ಹಗ್ಗವೂ ಸೇರಿ ಯಾವ ಪ್ಲಾಸ್ಟಿಕ್ಕನ್ನೂ ಕಡಲಿಗೆ ಎಸೆಯಬಾರದೆಂಬ ಅಂತರರಾಷ್ಟ್ರೀಯ ನಿಯಮ 1988ರ ಡಿಸೆಂಬರ್ 31ರಿಂದಲೇ ಜಾರಿಯಲ್ಲಿದೆ. ಆದರೆ ನಡುಗಡಲಲ್ಲಿ ಕಾಯುವವರಿಲ್ಲ.

ಹಾಗಾಗಿ ಕಾನೂನಿಗಿಂತ ನನಗೆ ಹಿಡಿಸಿದ್ದು ಕೇರಳದ ಕೊಲ್ಲಂ ಹತ್ತಿರದ ನೀಂಡಕರ ಬಂದರಿನವರು ಹಿಡಿದ ದಾರಿ. ಅಲ್ಲಿ 2017ರಲ್ಲಿ ‘ಶುಚಿತ್ವ ಸಾಗರಂ’ ಯೋಜನೆ ಶುರುವಾಯಿತು. ಬೋಟಿನವರಿಗೆ ಚೀಲ ಕೊಟ್ಟರು. ಮೀನಿನ ಜೊತೆ ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಅವರು ಮತ್ತೆ ನೀರಿಗೆ ಬಿಸಾಡದೆ ದಡಕ್ಕೆ ತಂದರು. ಮೀನುಗಾರ ಹೆಂಗಸರು ತೊಳೆದು ಬೇರ್ಪಡಿಸಿದರು. ಯಂತ್ರದಲ್ಲಿ ಚೂರಾದದ್ದು ರಸ್ತೆಯ ಡಾಂಬರಿಗೆ ಸೇರಿತು. ಚೀಲ ತಂದರೆ ಇಳಿಸಿಕೊಳ್ಳುವವರು ದಡದಲ್ಲಿದ್ದರು ಎಂಬುದೇ ಇಲ್ಲಿ ಮುಖ್ಯ.

ತದಡಿಯ ಬೋಟುಗಳಲ್ಲೂ ಹರಿದ ಬಲೆಯ ತುಂಡು, ಹಗ್ಗದ ಚೂರು, ನೀರಿನ ಬಾಟಲಿ ಹೀಗೇ ಚೀಲದಲ್ಲಿ ಮರಳಬಹುದು, ಇಳಿಸಿಕೊಳ್ಳಲು ಬಂದರಿನಲ್ಲಿ ಜಾಗವಿದ್ದರೆ. ಅವರ ಬಲೆಗೆ ಬೀಳುವ ಕಸವೆಲ್ಲ ಅವರದ್ದೂ ಅಲ್ಲ. ನಮ್ಮ ತೋಟದ ಹಳ್ಳಕ್ಕೆ ಬಿದ್ದ ಹರಿದ ಕೊಟ್ಟೆಗೂ ಕಡಲಿನ ದಾರಿ ಗೊತ್ತು. ಶಿರಸಿಯಲ್ಲಿ ಹುಟ್ಟಿ ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ, ನಡುವೆ ಅಣೆಕಟ್ಟಿನ ತಡೆಯಿಲ್ಲದೆ ತದಡಿಯಲ್ಲಿ ಕಡಲು ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಇಳಿಯುವ ಬೇಡ್ತಿ, ಗಂಗಾವಳಿಯಾಗಿ ಅಂಕೋಲೆಯ ಕಡೆ ಹೋಗುತ್ತದೆ.