ಕಾವೇರಿಯ ಆಚೆ ದಡ ಪರದೇಶವಾಗಿದ್ದಾಗ

ಮಳವಳ್ಳಿಯಿಂದ ಕೊಳ್ಳೇಗಾಲ ದೂರವೇನಲ್ಲ. ನಡುವೆ ಕಾವೇರಿ ಹರಿಯುತ್ತದೆ. ಎರಡೂ ದಡದಲ್ಲಿ ಅದೇ ಕನ್ನಡ, ಅದೇ ರಾಗಿಮುದ್ದೆ. ಈ ಕಡೆಯ ಹೆಣ್ಣನ್ನು ಆ ಕಡೆಗೆ ಕೊಡುವುದೂ ಆ ಕಡೆಯ ಸೊಸೆಯನ್ನು ಈ ಕಡೆಗೆ ತರುವುದೂ ಯಾರಿಗೂ ವಿಶೇಷವೆನಿಸುವ ಸಂಗತಿಯಲ್ಲ. ಆದರೆ ಒಂದು ಕಾಲದಲ್ಲಿ ಈ ಹೊಳೆ ದಾಟಿದರೆ ಕಾನೂನೇ ಬದಲಾಗುತ್ತಿತ್ತು.

ಮಂಡ್ಯ, ಮದ್ದೂರು, ಮಳವಳ್ಳಿ ತಾಲೂಕುಗಳು ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿದ್ದವು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವು ಮೈಸೂರು ಜಿಲ್ಲೆಯ ಭಾಗ. ಆದರೆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎಂದರೆ 1947ರವರೆಗೆ ಅದು ನೇರವಾಗಿ ಬ್ರಿಟಿಷರು ಆಳುತ್ತಿದ್ದ ನೆಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗಲೇ ಅದು ಮೈಸೂರು ರಾಜ್ಯಕ್ಕೆ ಬಂದದ್ದು. ಇಂದು ‘ವಿದೇಶದಲ್ಲಿ ಮದುವೆ’ ಎಂದೊಡನೆ ನಮಗೆ ದುಬೈಯೋ ಲಂಡನ್ನೋ ನೆನಪಾಗುತ್ತದೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಕಾನೂನಿನ ದೃಷ್ಟಿಯಿಂದ ಪರನಾಡು ಎಂಬುದು ಶಿವನಸಮುದ್ರದ ಆಚೆಗೇ ಆರಂಭವಾಗುತ್ತಿತ್ತು.

1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹ ತಡೆ ಕಾನೂನನ್ನು ಜಾರಿಗೆ ತಂದಿತು. ಆಗ ಚಾಮರಾಜೇಂದ್ರ ಒಡೆಯರು ಮಹಾರಾಜರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ನಿಷೇಧವಾಯಿತು. ಇಂದಿನ ಕಣ್ಣಿಗೆ ಎಂಟು ವರ್ಷ ಎಂಬ ಮಿತಿ ಗಾಬರಿ ಹುಟ್ಟಿಸುತ್ತದೆ. ಆದರೆ ಆಗ ಬ್ರಿಟಿಷ್ ಭಾರತದಲ್ಲಿ ಅಷ್ಟೂ ಇರಲಿಲ್ಲ. ಅಲ್ಲಿ 1891ರ ಕಾಯ್ದೆ ದಾಂಪತ್ಯ ಸಂಬಂಧಕ್ಕೆ ಹನ್ನೆರಡು ವರ್ಷದ ಮಿತಿ ಹಾಕಿತ್ತೇ ಹೊರತು ಮದುವೆಗೆ ಯಾವ ಮಿತಿಯನ್ನೂ ಹಾಕಿರಲಿಲ್ಲ. ಹಾಗಾಗಿ ಮಳವಳ್ಳಿಯಲ್ಲಿ ಅಪರಾಧವಾಗಿದ್ದ ಮದುವೆಗೆ ಹೊಳೆಯಾಚೆ ಅಡ್ಡಿಯಿರಲಿಲ್ಲ.

ಮೂವತ್ತಾರು ವರ್ಷಗಳ ಬಳಿಕ ತಕ್ಕಡಿ ಮೇಲೆ ಕೆಳಗಾಯಿತು. 1929ರ ಶಾರದಾ ಕಾಯ್ದೆ 1930ರ ಏಪ್ರಿಲ್ 1ರಿಂದ ಬ್ರಿಟಿಷ್ ಭಾರತದಲ್ಲಿ ಜಾರಿಯಾಯಿತು. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷ ಆಗಲೇಬೇಕೆಂದಿತು. ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತಿತ್ತು. ಈಗ ಕೊಳ್ಳೇಗಾಲದ ಕಾನೂನು ಬಿಗಿ, ಮಳವಳ್ಳಿಯದು ಸಡಿಲ. ಈ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಬ್ರಿಟಿಷ್ ಗಡಿ ದಾಟಿ ಸಂಸ್ಥಾನಗಳಿಗೆ ಹೋಗಿ ಮದುವೆ ಮಾಡಿಸುವ ದಾರಿಯನ್ನು ದೇಶದ ಹಲವೆಡೆ ಜನ ಕಂಡುಕೊಂಡರು. ಕೊನೆಗೆ 1938ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಬ್ರಿಟಿಷ್ ಪ್ರಜೆಯಾದವನು ಸಂಸ್ಥಾನಕ್ಕೆ ಹೋಗಿ ಮದುವೆ ಮಾಡಿದರೂ ಕಾಯ್ದೆ ಅವನನ್ನು ಹಿಂಬಾಲಿಸುವಂತಾಯಿತು.

ವಿದೇಶಿ ವಿವಾಹ ಕಾನೂನಿನ ತಿರುಳು ಇಲ್ಲೇ ಇದೆ. ಮದುವೆಯ ವಿಧಿವಿಧಾನವನ್ನು ಅದು ನಡೆದ ನೆಲದ ಕಾನೂನು ನೋಡಿಕೊಳ್ಳುತ್ತದೆ. ಮದುವೆಯಾಗುವ ಅರ್ಹತೆಯಾದರೋ ಮನುಷ್ಯ ಹೋದಲ್ಲೆಲ್ಲ ಅವನ ಜೊತೆಗೇ ಹೋಗುತ್ತದೆ.

ಮುಸ್ಲಿಂ ಹೆಣ್ಣುಮಕ್ಕಳ ಮಟ್ಟಿಗೆ ಈ ಗಡಿಗೆ ಇನ್ನೊಂದು ಅರ್ಥವೂ ಇತ್ತು. 1939ರಲ್ಲಿ ಬ್ರಿಟಿಷ್ ಭಾರತದಲ್ಲಿ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ ಬಂತು. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದೆಂದಿತು. ಹನಫಿ ಫಿಕ್ಹ್‌ನಲ್ಲಿ ಕಷ್ಟವಾಗಿದ್ದ ಈ ದಾರಿಯನ್ನು ಮಾಲಿಕಿ ಅಭಿಪ್ರಾಯದ ಆಧಾರದಲ್ಲಿ ತೆರೆಯಬಹುದೆಂದು ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ವಿದ್ವಾಂಸರು ಮೊದಲೇ ತೋರಿಸಿಕೊಟ್ಟಿದ್ದರು. ಆದರೆ ಆ ಕಾಯ್ದೆ ಬ್ರಿಟಿಷ್ ಭಾರತಕ್ಕಷ್ಟೇ ಸೀಮಿತ. ಕೊಳ್ಳೇಗಾಲದ ಹೆಣ್ಣುಮಗಳಿಗೆ ತೆರೆದ ಬಾಗಿಲು ಮಳವಳ್ಳಿಯ ಹೆಣ್ಣುಮಗಳಿಗೆ ತಾನಾಗಿ ತೆರೆಯಲಿಲ್ಲ. ಸಂಸ್ಥಾನದ ಕಾನೂನನ್ನು ಸಂಸ್ಥಾನವೇ ಮಾಡಬೇಕಿತ್ತು. ನಿಕಾಹ್ ಒಂದೇ, ಖುತ್ಬಾ ಒಂದೇ. ಸಿಗುವ ರಕ್ಷಣೆ ಮಾತ್ರ ಬೇರೆ ಬೇರೆ.

ನಡುವೆ ಹೊಳೆಯ ಬದಲು ಸಮುದ್ರವೇ ಇದ್ದರೆ ಸಂಕಟ ಇನ್ನೂ ದೊಡ್ಡದು. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಹಸನ್ ಈಸೋಪ್ ಎಂಬವರ ಪತ್ನಿ ಬಾಯಿ ಮರಿಯಂಗೆ ಅಲ್ಲಿಯ ಅಧಿಕಾರಿಗಳು ಪ್ರವೇಶ ನಿರಾಕರಿಸಿದರು. ಅವರ ನಿಕಾಹ್ ಭಾರತದಲ್ಲಿ ನಡೆದಿತ್ತು. 1913ರ ಮಾರ್ಚ್ 14ರಂದು ಕೇಪ್‌ನ ನ್ಯಾಯಮೂರ್ತಿ ಸರ್ಲ್, ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಗೆ ಅಲ್ಲಿಯ ಕಾನೂನಿನ ಮಾನ್ಯತೆ ಇಲ್ಲವೆಂದು ತೀರ್ಪಿತ್ತರು. ಒಂದೇ ತೀರ್ಪಿಗೆ ಸಾವಿರಾರು ಭಾರತೀಯ ಗೃಹಿಣಿಯರು ಕಾನೂನಿನ ಕಣ್ಣಲ್ಲಿ ಹೆಂಡತಿಯರೇ ಅಲ್ಲವೆಂದಾಯಿತು. ಮುಸ್ಲಿಮರು, ಹಿಂದೂಗಳು, ಪಾರ್ಸಿಗಳು ಎಲ್ಲರಿಗೂ ತಟ್ಟಿದ ಅವಮಾನ ಇದು. ಗಾಂಧೀಜಿಯವರ ಸತ್ಯಾಗ್ರಹದಲ್ಲಿ ಹೆಂಗಸರು ಜೈಲಿಗೆ ಹೋದರು. ಕಸ್ತೂರ ಬಾ ಅವರಲ್ಲೊಬ್ಬರು. 1914ರ ಕಾಯ್ದೆ ಏಕಪತ್ನಿತ್ವದ ಮದುವೆಗಳಿಗೆ ಮಾನ್ಯತೆ ಕೊಟ್ಟಿತು.

ಸ್ವತಂತ್ರ ಭಾರತ ಇದಕ್ಕಾಗಿ ರೂಪಿಸಿದ್ದು 1969ರ ವಿದೇಶಿ ವಿವಾಹ ಕಾಯ್ದೆ. ಹೊರದೇಶದಲ್ಲಿರುವ ಭಾರತೀಯರು ಅಲ್ಲಿಯ ಭಾರತೀಯ ವಿವಾಹ ಅಧಿಕಾರಿಯ ಮುಂದೆ ಮದುವೆಯಾಗಬಹುದು. ವಧುವರರಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಜೀವಂತ ಸಂಗಾತಿ ಇರಬಾರದು. ಒಬ್ಬರಾದರೂ 30 ದಿನ ಅಲ್ಲಿ ವಾಸವಿದ್ದು ನೋಟಿಸು ಕೊಡಬೇಕು, ಆಕ್ಷೇಪಣೆಗೆ 30 ದಿನ ಬಿಡಬೇಕು, ಮೂವರು ಸಾಕ್ಷಿಗಳಿರಬೇಕು. ಆ ದೇಶದ ಕಾನೂನಿನಂತೆ ಈಗಾಗಲೇ ಮದುವೆಯಾದವರು ಅದನ್ನು ಇದೇ ಕಾಯ್ದೆಯಡಿ ನೋಂದಾಯಿಸಿಕೊಳ್ಳುವ ಅವಕಾಶವೂ ಇದೆ.

ನಮ್ಮ ಜಿಲ್ಲೆಯ ಹೆಚ್ಚಿನ ಕುಟುಂಬಗಳಿಗೆ ಎದುರಾಗುವ ಪ್ರಶ್ನೆ ಇದರ ತಿರುವುಮುರುವು. ನಿಕಾಹ್ ಊರಿನಲ್ಲೇ ಆಗುತ್ತದೆ, ಬಾಳುವುದು ಹೊರದೇಶದಲ್ಲಿ. ಅಲ್ಲಿಯ ವೀಸಾ ಕಚೇರಿಗೆ ಖಾಝಿ ಸಾಹೇಬರ ಪರಿಚಯವಿಲ್ಲ, ವಲೀಮಾ ಉಂಡವರ ಸಾಕ್ಷ್ಯವೂ ಬೇಡ. ಅದು ಕೇಳುವುದು ಸರಕಾರಿ ಪ್ರಮಾಣಪತ್ರ. ಎಲ್ಲ ಧರ್ಮದವರ ಮದುವೆಯೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರವರಿಯಲ್ಲಿ ಹೇಳಿತು. ವಕ್ಫ್ ಮಂಡಳಿಯೇ ಮುಸ್ಲಿಂ ದಂಪತಿಗೆ ವಿವಾಹ ಪ್ರಮಾಣಪತ್ರ ಕೊಡಲು ಅವಕಾಶ ನೀಡಿದ್ದ 2023ರ ಕರ್ನಾಟಕ ಸರಕಾರದ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆದುದರಿಂದ ಮಸೀದಿಯ ನಿಕಾಹ್‌ನಾಮೆಯನ್ನು ಜೋಪಾನವಾಗಿಡುವುದರ ಜೊತೆಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸುವುದೇ ಭದ್ರ. ಆ ಪತ್ರಕ್ಕೆ ಬಳಿಕ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಭಾರತಕ್ಕೆ 2005ರಿಂದ ಅನ್ವಯಿಸುವ ಹೇಗ್ ಒಪ್ಪಂದದ ದೇಶಗಳಿಗೆ ‘ಅಪಾಸ್ಟಿಲ್’ ಎಂಬ ಒಂದೇ ಮುದ್ರೆ ಸಾಕು. ಉಳಿದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ.

ಇದೆಲ್ಲ ತೊಂದರೆಯ ಕೆಲಸವೆಂದು ಮುಂದೂಡುವವರು ಗಂಡಿನ ಕಡೆಯವರೇ ಹೆಚ್ಚು. ನಷ್ಟವಾಗುವುದು ಹೆಣ್ಣಿಗೆ. ಗಂಡ ಹೊರದೇಶದಲ್ಲಿ ಕೈಬಿಟ್ಟರೆ, ಮಹರ್ ಕೊಡದಿದ್ದರೆ, ಮಗುವಿನ ಹಕ್ಕಿನ ಪ್ರಶ್ನೆ ಬಂದರೆ, ತಾನು ಹೆಂಡತಿ ಎಂದು ಮೊದಲು ರುಜುವಾತುಪಡಿಸಬೇಕಾದವಳು ಅವಳೇ. ಬಾಯಿ ಮರಿಯಂ ನಿಂತ ಜಾಗದಲ್ಲೇ ಅವಳೂ ನಿಲ್ಲುತ್ತಾಳೆ.

ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂದು ಕುರ್‌ಆನ್ ಅಲ್ ಬಕರ ಅಧ್ಯಾಯದಲ್ಲಿ ಆದೇಶಿಸುತ್ತದೆ. ಅದೇ ಕುರ್‌ಆನ್ ದಾಂಪತ್ಯವನ್ನು ಬಲವಾದ ಕರಾರೆಂದು ಕರೆಯುತ್ತದೆ. ಸಾಲಕ್ಕೆ ಪತ್ರ ಮಾಡಿಸುವ ನಾವು ಮಗಳ ಬಾಳಿಗೆ ಪತ್ರ ಮಾಡಿಸಲು ಹಿಂಜರಿಯುವುದೇಕೆ? ಮಳವಳ್ಳಿ, ಕೊಳ್ಳೇಗಾಲಗಳ ನಡುವಿನ ಗಡಿ ಅಳಿಸಿ ದಶಕಗಳೇ ಕಳೆದಿವೆ. ಉಳಿದ ಗಡಿಗಳನ್ನು ದಾಟುವ ಹೆಣ್ಣುಮಕ್ಕಳ ಕೈಯಲ್ಲಿ ಆ ಒಂದು ಕಾಗದ ಇರುವಂತೆ ನೋಡಿಕೊಳ್ಳುವುದು ತಂದೆತಾಯಿಯ ಹೊಣೆ, ಜಮಾಅತ್‌ನ ಹೊಣೆ.